ಎಳೆಯ ಕಿವಿಗೆ ಏಳು ಮಾತ್ರೆ



ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಬಳ್ಳಿಗಾವೆಯಲ್ಲಿ 1162ರ ಶಾಸನವೊಂದಿದೆ. ಕಳಚುರಿ ಬಿಜ್ಜಳನ ಕಾಲದ್ದು. ಕೇದಾರೇಶ್ವರ ದೇವಾಲಯದ ಕೋಡಿಯ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಅದು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ. ಕಾಯಿಲೆ ಬಿದ್ದವರಿಗೆ ಔಷಧ. ದೀನರಿಗೆ, ಕಣ್ಣಿಲ್ಲದವರಿಗೆ, ಕಿವಿ ಕೇಳದವರಿಗೆ ಅನ್ನ. ಅದೇ ಸಾಲಿನಲ್ಲಿ ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೂ ಅನ್ನ. ನಮ್ಮ ಭಾಗದಲ್ಲಿ ಎಂಥ ದೊಡ್ಡ ವಿದ್ಯಾಕೇಂದ್ರ ಇತ್ತು ಎಂದು ಹೆಮ್ಮೆಪಡುವಾಗ ನಾವು ಪಾಠದ ಪಟ್ಟಿಯನ್ನು ಓದುತ್ತೇವೆ, ಈ ಕೊನೆಯ ಮಾತನ್ನು ಓದುವುದಿಲ್ಲ. ಓದಿಸುವ ಮನೆಯಲ್ಲಿ ಹಾಡುವವನಿಗೂ ಎಲೆ ಹಾಕುತ್ತಿದ್ದರು. ಇವತ್ತು ಅದೇ ನೆಲದ ಅಂಗನವಾಡಿಯಲ್ಲಿ ಮಗುವಿಗೆ ಹಾಲಿದೆ, ಮೊಟ್ಟೆಯಿದೆ, ತೂಕ ನೋಡುವ ತಕ್ಕಡಿಯಿದೆ. ಹಾಡುವವರಿಗೆ ಅಲ್ಲಿ ಜಾಗ ಎಷ್ಟಿದೆ ಎಂಬುದು ನನ್ನ ಈ ಉಪನ್ಯಾಸದ ಪ್ರಶ್ನೆ.

ಮೊದಲೇ ಒಂದು ತಪ್ಪು ನಂಬಿಕೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತೇನೆ. ಸಂಗೀತ ಕೇಳಿಸಿದರೆ ಮಗು ಬುದ್ಧಿವಂತ ಆಗುತ್ತದೆ, ಲೆಕ್ಕದಲ್ಲಿ ಮುಂದೆ ಬರುತ್ತದೆ ಎಂಬ ಮಾತು ಪೇಟೆಯ ಶಾಲೆಗಳ ಜಾಹೀರಾತಿನಿಂದ ನಮ್ಮ ಹಳ್ಳಿಯ ಮನೆಗಳಿಗೂ ಬಂದಿದೆ. ಇದರ ಬೇರು ಇರುವುದು 1993ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ. ಮೊಜಾರ್ಟ್‌ನ ಸಂಗೀತ ಕೇಳಿದ ಕಾಲೇಜು ವಿದ್ಯಾರ್ಥಿಗಳು ಒಂದು ಬಗೆಯ ಆಕೃತಿ ಜೋಡಣೆಯ ಪರೀಕ್ಷೆಯಲ್ಲಿ ತುಸು ಹೆಚ್ಚು ಅಂಕ ಪಡೆದರು. ಆ ಹೆಚ್ಚಳ ಹದಿನೈದು ನಿಮಿಷವೂ ಉಳಿಯಲಿಲ್ಲ. ಅದರಲ್ಲಿ ಕೂಸುಗಳ ಮಾತೇ ಇರಲಿಲ್ಲ. ಆದರೂ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರರು ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಹೊರಟರು. ಮುಂದೆ ಟೊರಾಂಟೊದಲ್ಲಿ ಗ್ಲೆನ್ ಶೆಲೆನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಆರು ವರ್ಷದ 144 ಮಕ್ಕಳನ್ನು ಗುಂಪುಗಳಾಗಿ ಹಂಚಿ ಒಂದು ವರ್ಷ ನೋಡಿ 2004ರಲ್ಲಿ ಬರೆದರು: ಸಂಗೀತ ಕಲಿತ ಮಕ್ಕಳ ಬುದ್ಧಿಸೂಚ್ಯಂಕ ಉಳಿದವರಿಗಿಂತ ಎರಡು ಮೂರು ಅಂಕ ಹೆಚ್ಚು ಏರಿತ್ತು. ಇಂಥ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2020ರಲ್ಲಿ ಅಳೆದಾಗ, ಸಂಗೀತದಿಂದ ಲೆಕ್ಕ ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ.

ಇದರಿಂದ ನನಗೆ ಬೇಸರವಿಲ್ಲ, ಸಮಾಧಾನವೇ ಆಗಿದೆ. ಅಂಕ ಬರುತ್ತದೆಂದು ಹಾಡು ಕಲಿಸುವವರು ಅಂಕ ಬರದ ದಿನ ಹಾಡು ನಿಲ್ಲಿಸುತ್ತಾರೆ. ಎಳೆಯ ಮಗುವಿಗೆ ಹಾಡು ಕೊಡುವುದು ಬೇರೆಯೇ ಸಂಗತಿ. ಅದು ಕಿವಿಯನ್ನು ಹದಮಾಡುತ್ತದೆ, ಮಾತಿಗೆ ದಾರಿ ಮಾಡುತ್ತದೆ, ಅಳುವ ಜೀವಕ್ಕೆ ನೆಮ್ಮದಿ ಕೊಡುತ್ತದೆ, ಇನ್ನೊಬ್ಬರ ಜೊತೆ ಹೆಜ್ಜೆ ಸೇರಿಸುವುದನ್ನು ಕಲಿಸುತ್ತದೆ. ಇದಕ್ಕೆಲ್ಲ ಪುರಾವೆಯೂ ಇದೆ, ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಬೇಕಾದ ಸಾಮಗ್ರಿಯೂ ಇದೆ.

ತೊಟ್ಟಿಲಿನಿಂದ ಶುರುಮಾಡೋಣ. ನಿಜ ಹೇಳಬೇಕೆಂದರೆ ತೊಟ್ಟಿಲಿಗಿಂತ ಮುಂಚಿನಿಂದ. ಆರು ತಿಂಗಳು ತುಂಬಿದ ಬಸುರಿಯ ಹೊಟ್ಟೆಯಲ್ಲಿರುವ ಶಿಶುವಿಗೆ ಹೊರಗಿನ ಸದ್ದು ಕೇಳಿಸತೊಡಗುತ್ತದೆ. ಎಲ್ಲಕ್ಕಿಂತ ಹತ್ತಿರದಿಂದ ಕೇಳುವುದು ತಾಯಿಯ ದನಿ. ಹುಟ್ಟಿ ಎರಡು ಮೂರು ದಿನವಾಗಿರುವ ಕೂಸು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತದೆ ಎಂಬುದನ್ನು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು. ಆಗಷ್ಟೇ ಹುಟ್ಟಿದ ಕೂಸಿನ ಮಿದುಳು ತಾಳದಲ್ಲಿ ಬೀಳಬೇಕಾದ ಪೆಟ್ಟು ತಪ್ಪಿದರೆ ಗುರುತಿಸುತ್ತದೆ ಎಂದು ಹಂಗೇರಿಯ ವಿಜ್ಞಾನಿಗಳು 2009ರಲ್ಲಿ ಕಂಡುಕೊಂಡರು. ನಮ್ಮ ಹೆಂಗಸರು ಈ ಪ್ರಯೋಗಗಳಿಗೆ ಕಾಯಲಿಲ್ಲ. ಸೀಮಂತದ ಸೋಬಾನೆಯಿಂದಲೇ ಅವರು ಮಗುವಿಗೆ ಹಾಡಲು ತೊಡಗಿದ್ದರು.

ಸೊರಬದ ಕಡೆ ಸಸಿ ನೆಡುವ ದಿನಗಳಲ್ಲಿ ಗದ್ದೆಯಂಚಿನ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟುತ್ತಿದ್ದುದನ್ನು ಇಲ್ಲಿ ಕೂತಿರುವ ಹಿರಿಯರು ಕಂಡಿದ್ದೀರಿ. ಕೆಸರುಗದ್ದೆಯಲ್ಲಿ ಸಾಲಾಗಿ ಬಗ್ಗಿದ ಹೆಂಗಸರು ನಾಟಿ ಪದ ಹೇಳುತ್ತಾರೆ. ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಉಳಿದವರು ಹಿಡಿದುಕೊಳ್ಳುತ್ತಾರೆ, ಸಸಿ ಊರುವ ಕೈಯೂ ಅದೇ ಲಯಕ್ಕೆ ಬೀಳುತ್ತದೆ. ಜೋಲಿಯ ಹತ್ತಿರ ಕೂತ ಅಕ್ಕನೋ ಅಜ್ಜಿಯೋ ಆ ಹಾಡಿಗೆ ಸರಿಯಾಗಿಯೇ ಜೋಲಿಯನ್ನು ನೂಕುತ್ತಾಳೆ. ಆ ಮಗುವಿಗೆ ಹಾಡು ಕಿವಿಯಿಂದ ಮಾತ್ರ ಬರುತ್ತಿಲ್ಲ, ಮೈಯಿಂದಲೂ ಬರುತ್ತಿದೆ. 2005ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಲಾರೆಲ್ ಟ್ರೇನರ್ ಮತ್ತು ಜೆಸಿಕಾ ಫಿಲಿಪ್ಸ್-ಸಿಲ್ವರ್ ಏಳು ತಿಂಗಳ ಕೂಸುಗಳಿಗೆ ಒತ್ತೇ ಇಲ್ಲದ ಒಂದು ಬಡಿತವನ್ನು ಕೇಳಿಸಿದರು. ಕೆಲವು ಕೂಸುಗಳನ್ನು ಎರಡೆರಡು ಪೆಟ್ಟಿಗೆ ಒಮ್ಮೆ ಎತ್ತಿ ಕುಣಿಸಿದರು, ಕೆಲವನ್ನು ಮೂರು ಮೂರಕ್ಕೆ. ಆಮೇಲೆ ಒತ್ತು ಹಾಕಿದ ಎರಡು ಬಗೆಯ ಬಡಿತಗಳನ್ನು ಕೇಳಿಸಿದಾಗ, ಎರಡಕ್ಕೆ ಕುಣಿದ ಕೂಸು ಎರಡರದ್ದನ್ನೂ ಮೂರಕ್ಕೆ ಕುಣಿದದ್ದು ಮೂರರದ್ದನ್ನೂ ಬಯಸಿ ಕೇಳಿದವು. ಮೈ ಹೇಗೆ ಅಲುಗಿತೋ ಕಿವಿ ಹಾಗೆ ಕೇಳಿತು. ಜೋಲಿ ತೂಗುವ ಕೈ ಮಗುವಿನ ಮೊದಲ ತಾಳದ ಗುರು ಎಂದು ನಾನು ಹೇಳುವುದು ಅಲಂಕಾರದ ಮಾತಲ್ಲ.

ಅಳುವ ಮಗುವನ್ನು ಸುಮ್ಮನಾಗಿಸುವುದು ಜೋಗುಳದ ಕೆಲಸ ಎಂದು ನಾವೆಲ್ಲ ಬಲ್ಲೆವು. ಮಾಂಟ್ರಿಯಲ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಕೂಸುಗಳಿಗೆ ಅವಕ್ಕೆ ಗೊತ್ತಿಲ್ಲದ ಟರ್ಕಿ ಭಾಷೆಯ ಮಾತನ್ನೂ ಹಾಡನ್ನೂ ಕೇಳಿಸಿದರು. ಮಾತು ಕೇಳುತ್ತಾ ಅವು ಸುಮಾರು ನಾಲ್ಕು ನಿಮಿಷ ನೆಮ್ಮದಿಯಾಗಿದ್ದವು, ಹಾಡು ಕೇಳುತ್ತಾ ಸುಮಾರು ಒಂಬತ್ತು ನಿಮಿಷ. ಅರ್ಥವೂ ಗೊತ್ತಿಲ್ಲ, ಹಾಡುವವರ ಮುಖವೂ ಕಾಣದು. ಆದರೂ ಎರಡು ಪಟ್ಟು ಹೊತ್ತು. ಒಂದೇ ಕೈಯಲ್ಲಿ ಒಲೆ, ಕೊಟ್ಟಿಗೆ, ಕೂಸು ಎಲ್ಲವನ್ನೂ ನೋಡಿಕೊಳ್ಳುವ ತಾಯಿಗೆ ಆ ಐದು ನಿಮಿಷ ಎಷ್ಟು ದೊಡ್ಡದು ಎಂದು ಗಂಡಸರಿಗೆ ಬಿಡಿಸಿ ಹೇಳಬೇಕಾಗಬಹುದು, ಇಲ್ಲಿರುವ ತಾಯಂದಿರಿಗೆ ಬೇಡ.

ಇನ್ನು ನನ್ನ ಮನಸ್ಸಿಗೆ ತುಂಬ ಹತ್ತಿರವಾದ ವಿಷಯಕ್ಕೆ ಬರುತ್ತೇನೆ.

ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ಎಂಬ ಇಬ್ಬರು ವಿದುಷಿಯರು 2005ರಲ್ಲಿ ಉತ್ತರ ಅಮೆರಿಕದ ಕೂಸುಗಳಿಗೆ ಎರಡು ಬಗೆಯ ಸಂಗೀತ ಕೇಳಿಸಿದರು. ಒಂದು ಅಲ್ಲಿ ದಿನವೂ ಕೇಳುವ ಸಮತೂಕದ ಲಯ. ಇನ್ನೊಂದು ಬಲ್ಗೇರಿಯಾ, ಮ್ಯಾಸಿಡೋನಿಯಾ ಕಡೆಯ ಏಳು ಎಣಿಕೆಯ ಲಯ. ಮಧ್ಯೆ ಎಲ್ಲೋ ತಾಳ ಕೆಡಿಸಿದರು. ಅಲ್ಲಿಯ ದೊಡ್ಡವರಿಗೆ ಸಮ ಲಯ ಕೆಟ್ಟದ್ದು ಗೊತ್ತಾಯಿತು, ಏಳರದ್ದು ಕೆಟ್ಟದ್ದು ಗೊತ್ತಾಗಲಿಲ್ಲ. ಆರು ತಿಂಗಳ ಕೂಸುಗಳಿಗೆ ಎರಡೂ ಗೊತ್ತಾಯಿತು. ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಅವೂ ದೊಡ್ಡವರಂತೆ ಏಳನ್ನು ಕಳೆದುಕೊಂಡಿದ್ದವು. ಆದರೆ ಎರಡು ವಾರ ಮನೆಯಲ್ಲಿ ಆ ಸಂಗೀತವನ್ನು ಕೇಳಿಸಿದಾಗ ವರ್ಷದ ಕೂಸುಗಳಿಗೆ ಅದು ಮರಳಿ ಬಂತು. ದೊಡ್ಡವರಿಗೆ ಹಾಗೆ ಬರಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಲ್ಲಮ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಬಳ್ಳಿಗಾವೆಯ ಅಲ್ಲಮ ಮದ್ದಳೆ ನುಡಿಸುವವನು. ಶೂನ್ಯಸಿಂಹಾಸನ ಏರುವುದಕ್ಕೆ ಮುಂಚೆ ಆತನ ಬೆರಳಲ್ಲಿ ತಾಳವಿತ್ತು. ಅದೇ ಅಲ್ಲಮನ ಕಥೆಯನ್ನು ಚಾಮರಸ 15ನೆಯ ಶತಮಾನದಲ್ಲಿ ‘ಪ್ರಭುಲಿಂಗಲೀಲೆ’ಯಾಗಿ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಭಾಮಿನಿ ಎಂದರೆ ಮೂರು ನಾಲ್ಕು, ಮೂರು ನಾಲ್ಕು ಎಂದು ಹೆಜ್ಜೆಯಿಡುವ ಏಳು ಮಾತ್ರೆಯ ನಡೆ. ಮದ್ದಳೆಗಾರರ ಬಾಯಲ್ಲಿ ಅದು ‘ತಕಿಟ ತಕಧಿಮಿ’. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಐದರ ನಡೆ, ‘ತಕ ತಕಿಟ’. ನಮ್ಮ ಜಿಲ್ಲೆಯ ತುಂಗೆಯ ದಡದ ಹೊಸಹಳ್ಳಿಯಲ್ಲಿ ಇಂಥ ಕಾವ್ಯಗಳನ್ನು ರಾಗವಾಗಿ ಓದುವ ಗಮಕವನ್ನು ಊರಿಗೆ ಊರೇ ಉಳಿಸಿಕೊಂಡು ಬಂದಿದೆ. ಅಲ್ಲಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಐದು, ಏಳರ ಎಣಿಕೆ ನಮ್ಮ ಕಾವ್ಯದ ನಾಡಿ. ಯಕ್ಷಗಾನದ ಭಾಗವತರಲ್ಲಿ, ಭಜನೆಯ ತಂಡದಲ್ಲಿ, ಡೊಳ್ಳಿನ ಹೆಜ್ಜೆಯಲ್ಲಿ ಅದನ್ನು ಈಗಲೂ ಕೇಳಬಹುದು.

ಹೊಸ ಮಾದರಿಯ ಶಿಶುಗೀತೆಗಳನ್ನು ಕೇಳಿನೋಡಿ. ಮೊಬೈಲಿನಲ್ಲಿ ಬರುವ ಇಂಗ್ಲಿಷ್ ರೈಮುಗಳಾಗಲಿ, ಅವುಗಳ ಅಚ್ಚಿನಲ್ಲಿ ಎರಕ ಹೊಯ್ದ ಕನ್ನಡ ಹಾಡುಗಳಾಗಲಿ, ಬಹುಪಾಲು ನಾಲ್ಕರ ಎಣಿಕೆಯವು. ಅವು ಕೆಟ್ಟವು ಎಂದು ನಾನು ಹೇಳುವುದಿಲ್ಲ, ಮಕ್ಕಳು ಅವಕ್ಕೂ ನಗುತ್ತವೆ. ಅವು ಮಾತ್ರವೇ ಕಿವಿಗೆ ಬಿದ್ದು ಬೆಳೆದ ಮಗು ಮುಂದೆ ಭಾಮಿನಿಯನ್ನು ಪಾಠದ ಪುಸ್ತಕದಲ್ಲಿ ಗಣ ಹಾಕಿ ಕಲಿಯಬೇಕಾಗುತ್ತದೆ. ಮೊದಲ ವರ್ಷದಲ್ಲಿ ಮಡಿಲಲ್ಲಿ ಕೂತು ಕೇಳಿದ್ದರೆ ಗಣ ಹಾಕುವ ಮೊದಲೇ ಆ ನಡೆ ಮಗುವಿನದಾಗಿರುತ್ತಿತ್ತು. ಆರು ತಿಂಗಳ ಕಿವಿ ಯಾವ ಭೇದವನ್ನೂ ಮಾಡದೆ ತೆರೆದುಕೊಂಡಿರುವಾಗ ನಾವು ಅದರ ಮುಂದೆ ಏನನ್ನು ಇಡುತ್ತೇವೆ ಎನ್ನುವುದು ದೊಡ್ಡ ಹೊಣೆ.

ಹಾಗಾದರೆ ಗಮಕದ ರೆಕಾರ್ಡನ್ನು ಹಾಕಿಟ್ಟರೆ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಲಯದ ಮಟ್ಟಿಗೆ ಅದೂ ಒಂದಿಷ್ಟು ಕೆಲಸ ಮಾಡುತ್ತದೆ, ಈಗಷ್ಟೇ ಹೇಳಿದ ಎರಡು ವಾರದ ಪ್ರಯೋಗವೇ ಅದಕ್ಕೆ ಸಾಕ್ಷಿ. ಆದರೆ ಮಗುವಿಗೆ ಬೇಕಾದದ್ದೆಲ್ಲ ಅದರಿಂದ ಸಿಗುವುದಿಲ್ಲ. ಸಿಯಾಟಲ್‌ನ ಪೆಟ್ರೀಷಿಯಾ ಕುಲ್ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಿ ಭಾಷೆಯನ್ನು ಕೇಳಿಸಿದರು. ಎದುರಿಗೆ ಮನುಷ್ಯರು ಕೂತು ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಮನುಷ್ಯರನ್ನು ಪರದೆಯ ಮೇಲೆ ತೋರಿಸಿದಾಗ, ಬರೀ ಧ್ವನಿ ಕೇಳಿಸಿದಾಗ, ಏನೂ ಕಲಿಯಲಿಲ್ಲ. ಟ್ರೇನರ್ ಅವರ ತಂಡ 2012ರಲ್ಲಿ ಇನ್ನೂ ನೇರವಾಗಿ ಸಂಗೀತವನ್ನೇ ಪರೀಕ್ಷಿಸಿತು. ಆರು ತಿಂಗಳ ಕೂಸುಗಳ ಒಂದು ಗುಂಪು ತಾಯಂದಿರ ಜೊತೆ ಹಾಡಿ, ತಟ್ಟಿ, ಆಡಿತು. ಇನ್ನೊಂದು ಗುಂಪು ಹಿನ್ನೆಲೆಯಲ್ಲಿ ಸಂಗೀತ ಹಾಕಿಕೊಂಡು ಆಟಿಕೆಗಳ ಜೊತೆ ಆಡಿತು. ಆರು ತಿಂಗಳು ಕಳೆದ ಮೇಲೆ ಹಾಡಿ ಆಡಿದ ಕೂಸುಗಳು ಹೆಚ್ಚು ಬೆರಳು ತೋರಿಸುತ್ತಿದ್ದವು, ಟಾಟಾ ಮಾಡುತ್ತಿದ್ದವು, ಹೊಸದೇನಾದರೂ ಎದುರಾದರೆ ಅಷ್ಟಾಗಿ ಕಂಗಾಲಾಗುತ್ತಿರಲಿಲ್ಲ. ಊಟ ಮಾಡಿಸಲು ಮಗುವಿನ ಮುಂದೆ ಮೊಬೈಲ್ ಹಿಡಿಯುವ ತಾಯಿಯನ್ನು ನಾನು ದೂರುವುದಿಲ್ಲ. ಅವಳಿಗೆ ಕೈಸಹಾಯಕ್ಕೆ ಯಾರೂ ಇಲ್ಲ. ಆದರೆ ರಾಗ ತಪ್ಪಿದರೂ ಪರವಾಗಿಲ್ಲ, ಮಗುವಿನ ಮುಖ ನೋಡಿಕೊಂಡು ಹಾಡಿದ ಹಾಡಿಗೆ ಸಮ ಯಾವುದೂ ಇಲ್ಲ ಎಂದು ಅವಳಿಗೆ ಯಾರಾದರೂ ಹೇಳಬೇಕು.

ಈಗ ಅಂಗನವಾಡಿಗೆ ಬರೋಣ. ಶಿಕಾರಿಪುರ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳು ಬಹಳ. ಶಿರಾಳಕೊಪ್ಪದಲ್ಲಿ ಉರ್ದು ಮಾತಾಡುವ ಮನೆಗಳು ಬಹಳ. ಮೂರು ವರ್ಷದ ಮಗು ಮನೆಯಲ್ಲಿ ಒಂದು ಭಾಷೆ ಆಡಿ ಅಂಗನವಾಡಿಯಲ್ಲಿ ಕನ್ನಡದ ನಡುವೆ ಬಂದು ಕೂರುತ್ತದೆ. ನಿವೃತ್ತಿಯ ನಂತರ ಆಗಾಗ ಅಂಗನವಾಡಿಗಳಲ್ಲಿ ಹೋಗಿ ಕೂರುವುದು ನನ್ನ ರೂಢಿ. ತಾಂಡಾವೊಂದರ ಕೇಂದ್ರದಲ್ಲಿ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಲ್ಲುವ ಹುಡುಗಿಯೊಬ್ಬಳಿದ್ದಳು. ಹೆಸರು ಕೇಳಿದರೆ ಲಂಗದ ಅಂಚನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಾರ್ಯಕರ್ತೆ ದಿನವೂ ಕೈಸನ್ನೆಯ ಒಂದು ಹಾಡು ಹಾಡಿಸುತ್ತಿದ್ದಳು, ಸಾಲಿನ ಕೊನೆಯ ಪದವನ್ನು ತಾನು ಹೇಳದೆ ಮಕ್ಕಳಿಗೆ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಹುಡುಗಿ ಮೊದಮೊದಲು ಚೌಕಟ್ಟಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದಳು, ಅದೂ ಸರಿಯಾದ ಜಾಗದಲ್ಲಿ. ಆಮೇಲೆ ತುಟಿ ಅಲುಗಿತು. ಒಂದು ದಿನ ಉಳಿದ ಮಕ್ಕಳಿಗಿಂತ ಮೊದಲೇ ಆ ಕೊನೆಯ ಪದ ಅವಳಿಂದ ಬಂತು, ಜೋರಾಗಿ. ಮಾತಿನಲ್ಲಿ ಮುಂದೇನು ಬರುತ್ತದೋ ಎಂದು ಹೆದರುವ ಮಗುವಿಗೆ ಹಾಡಿನಲ್ಲಿ ಮುಂದೇನು ಬರುತ್ತದೆ ಎಂಬುದು ಗೊತ್ತಿರುತ್ತದೆ. ಆ ಭರವಸೆಯ ಮೇಲೆ ಅದು ಬಾಯಿ ತೆರೆಯುತ್ತದೆ. ಕಾರ್ಯಕರ್ತೆ ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿದಳು. ಆ ಹುಡುಗಿಯ ಅಜ್ಜಿಯನ್ನು ಕರೆಸಿ ಲಂಬಾಣಿ ಹಾಡೊಂದನ್ನು ಎಲ್ಲ ಮಕ್ಕಳಿಗೂ ಹೇಳಿಸಿದಳು. ತನ್ನ ಮನೆಯ ಹಾಡು ಎಲ್ಲರ ಬಾಯಲ್ಲಿ ಬಂದಾಗ ಆ ಹುಡುಗಿ ಚೌಕಟ್ಟು ಬಿಟ್ಟು ನಡುವೆ ಬಂದು ಕೂತಳು.

ಪ್ರಾಸದ ಬಗ್ಗೆ ಒಂದು ಮಾತು. ಆಕ್ಸ್‌ಫರ್ಡ್‌ನ ಬ್ರಾಡ್ಲಿ ಮತ್ತು ಬ್ರಯಂಟ್ 1983ರಲ್ಲಿ ತೋರಿಸಿದ್ದು ಇದು: ನಾಲ್ಕೈದು ವರ್ಷದಲ್ಲಿ ಪ್ರಾಸವನ್ನು ಚೆನ್ನಾಗಿ ಗುರುತಿಸುವ ಮಗು ಮುಂದೆ ಓದುವುದರಲ್ಲೂ ಮುಂದಿರುತ್ತದೆ. ಕನ್ನಡದ ಮಕ್ಕಳ ಓದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿರುವ ಸೊನಾಲಿ ನಾಗ್ ಅವರು 2007ರಲ್ಲಿ ಬರೆದ ಪ್ರಕಾರ ನಮ್ಮ ಅಕ್ಷರ, ಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ನಾಲ್ಕನೆಯ ತರಗತಿಯವರೆಗೂ ಬೇಕು. ಇಷ್ಟು ಉದ್ದದ ದಾರಿಗೆ ಹೊರಡುವ ಮಗುವಿಗೆ, ಪದವನ್ನು ಅಕ್ಷರ ಅಕ್ಷರವಾಗಿ ಒಡೆದು ಕೇಳಿಸಿಕೊಳ್ಳುವ ಕಿವಿ ಮೊದಲೇ ಇರಬೇಕು. ಹಾಡಿಗೆ ಚಪ್ಪಾಳೆ ತಟ್ಟುವಾಗ ಆಗುವುದು ಅದೇ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದ ಪದ್ಯಗಳನ್ನು ಗದ್ಯದಂತೆ ಓದಿಸಬೇಡಿ, ಹಾಡಿಸಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಬೋಧನಾ ಕ್ರಮದಲ್ಲಿ ಹಾಡಿಗೆ ಜಾಗವಿದ್ದದ್ದು ಸುಮ್ಮನೆ ಅಲ್ಲ, ಅದನ್ನು ಕಟ್ಟಿದವರು ತರಗತಿಯಲ್ಲಿ ನಿಂತು ಕಲಿಸುವ ಮೇಷ್ಟ್ರುಗಳು.

ಹಾಡು ಜೊತೆಗಾರಿಕೆ ಕಲಿಸುತ್ತದೆ ಎಂದೆ. ಸೊರಬ, ಸಾಗರದ ಕಡೆಯವರಿಗೆ ಇದನ್ನು ಹೇಳಲು ಅಂಟಿಗೆ-ಪಂಟಿಗೆಯ ಹೆಸರು ಸಾಕು. ದೀಪಾವಳಿಯ ರಾತ್ರಿ ಊರ ಗಂಡಸರು ದೀಪ ಹೊತ್ತು ಮನೆಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ನಿಂತು ಮುಂದಿನವರು ಸೊಲ್ಲು ಎತ್ತುತ್ತಾರೆ, ಹಿಂದಿನವರು ಅದನ್ನೇ ಹಿಡಿದು ಮರಳಿ ಹೇಳುತ್ತಾರೆ. ಮನೆಯೊಡತಿ ಎದ್ದು ಬಾಗಿಲು ತೆರೆದು ಆ ಜ್ಯೋತಿಯಿಂದ ತನ್ನ ಮನೆಯ ದೀಪ ಹಚ್ಚಿಕೊಳ್ಳುತ್ತಾಳೆ, ಎಣ್ಣೆ ಎರೆಯುತ್ತಾಳೆ. ನಿದ್ದೆಗಣ್ಣಿನಲ್ಲಿ ಅವಳ ಸೆರಗು ಹಿಡಿದು ನಿಂತ ಮಗು ನೋಡುವುದೇನು? ಯಾರೂ ಒಬ್ಬರೇ ಹಾಡುತ್ತಿಲ್ಲ. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಅಷ್ಟು ಹೊತ್ತು ಕೇಳಿಸಿಕೊಳ್ಳಬೇಕು. ಲೈಪ್‌ಜಿಗ್‌ನ ಕಿರ್ಶ್ನರ್ ಮತ್ತು ತೊಮಾಸೆಲ್ಲೊ 2010ರಲ್ಲಿ ನಾಲ್ಕು ವರ್ಷದ ಮಕ್ಕಳನ್ನು ಇಬ್ಬಿಬ್ಬರಾಗಿ ಆಡಿಸಿದರು. ಕೂಡಿ ಹಾಡಿ ಬಾರಿಸಿ ಆಡಿದ ಜೋಡಿಗಳು, ಹಾಡಿಲ್ಲದೆ ಅದೇ ಆಟ ಆಡಿದ ಜೋಡಿಗಳಿಗಿಂತ ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ಸಹಾಯ ಮಾಡಿದರು. ನನ್ನನ್ನು ಕೇಳಿದರೆ, ಶಾಲಾ ವೇದಿಕೆಯಲ್ಲಿ ಮೈಕಿನ ಮುಂದೆ ಒಂದು ಮಗುವನ್ನು ನಿಲ್ಲಿಸಿ ಬಹುಮಾನಕ್ಕಾಗಿ ಹಾಡಿಸುವುದು ಆರು ವರ್ಷದ ಒಳಗಿನವರಿಗೆ ಬೇಡವೇ ಬೇಡ. ಆ ವಯಸ್ಸಿಗೆ ಬೇಕಾದದ್ದು ಸೊಲ್ಲಿಗೆ ಸೊಲ್ಲು ಕೊಡುವ ಗುಂಪು.

ಎರಡು ಎಚ್ಚರಿಕೆಗಳು. ಹಾಡಿದರೆ, ಕರೆದರೆ, ತಟ್ಟೆ ಬಡಿದರೆ ತಿರುಗಿ ನೋಡದ ಕೂಸನ್ನು ‘ಮಂದ ಸ್ವಭಾವ’ ಎಂದು ಬಿಡಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ. ಮೊದಲ ವರ್ಷದಲ್ಲೇ ಗೊತ್ತಾದರೆ ಮಾತು ಉಳಿಸಬಹುದು. ಇನ್ನೊಂದು, ಗಣಪತಿ ಮೆರವಣಿಗೆಯ ಡಿ.ಜೆ. ವಾಸದ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ನಿಯಮವಿದೆ. ಆ ಪೆಟ್ಟಿಗೆಗಳ ಮುಂದೆ ಹೆಗಲ ಮೇಲೆ ಕೂಸನ್ನು ಹೊತ್ತು ಕುಣಿಯುವ ತಂದೆಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಡೊಳ್ಳಿನ ಹತ್ತಿರವೂ ಅಷ್ಟೇ, ಕೂಸನ್ನು ದೂರದಲ್ಲಿ ಹಿಡಿದು ತೋರಿಸಿ.

ಏನು ಮಾಡಬೇಕು? ಹಣದ ಅಗತ್ಯ ಹೆಚ್ಚಿಲ್ಲ. ಹಾರ್ಮೋನಿಯಂ ಕೊಳ್ಳುವ ಮೊದಲು ಊರಲ್ಲಿ ಯಾರು ಹಾಡುತ್ತಾರೆ ಎಂದು ನೋಡಿ. ಸೋಬಾನೆಯ ಅಜ್ಜಿ, ಅಂಟಿಗೆ-ಪಂಟಿಗೆಯವರು, ಭಜನೆಯ ಮೃದಂಗದವರು, ತಾಂಡಾದ ಹಾಡುಗಾರ್ತಿ. ವಾರಕ್ಕೊಮ್ಮೆ ಅರ್ಧ ಗಂಟೆ ಅವರು ಅಂಗನವಾಡಿಗೆ ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂರಲಿ, ಪ್ರದರ್ಶನ ಬೇಡ. ಬಾಲವಿಕಾಸ ಸಮಿತಿಯ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಬರೆಸಿ. ಬಂದವರಿಗೆ ಬಸ್ ಚಾರ್ಜು, ಒಂದು ಹೊತ್ತಿನ ಊಟ ಕೊಡಿ. ಅವರು ಹೇಳಿದ ಹಾಡನ್ನು ಕಾರ್ಯಕರ್ತೆಯರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಜೊತೆಗೆ ಕೈ ಎಲ್ಲಿ ಬೀಳುತ್ತದೆ ಎಂದೂ ಗುರುತು ಹಾಕಿ. ಮೂರೋ ನಾಲ್ಕೋ ಐದೋ ಏಳೋ ಎಂಬುದು ಬರೆದಿಡದಿದ್ದರೆ ಮುಂದಿನವರಿಗೆ ಸಾಹಿತ್ಯ ಸಿಕ್ಕರೂ ನಡೆ ಸಿಗುವುದಿಲ್ಲ. ವಾದ್ಯ ಕಲಿಸಲು ಎಷ್ಟನೆಯ ವರ್ಷಕ್ಕೆ ಸೇರಿಸಬೇಕು ಎಂದು ಕೆಲವು ತಾಯಂದಿರು ಚೀಟಿ ಬರೆದು ಕೇಳಿದ್ದೀರಿ. ಆರೇಳು ವರ್ಷದವರೆಗೆ ಅವಸರ ಬೇಡ. ಅಲ್ಲಿಯವರೆಗೆ ಮನೆಯಲ್ಲಿ ಹಾಡಿ, ತೊಡೆಯ ಮೇಲೆ ತಟ್ಟಿ, ಬಾಯಲ್ಲಿ ತಾಳ ಹೇಳಿಸಿ. ಇವತ್ತು ಸಭೆ ಮುಗಿದ ಮೇಲೆ ಸೊರಬದಿಂದ ಬಂದಿರುವ ಹಿರಿಯ ಹೆಂಗಸರು ಪಕ್ಕದ ಕೊಠಡಿಯಲ್ಲಿ ಕೆಲವು ಜೋಗುಳಗಳನ್ನು ಹೇಳಿಕೊಡಲು ಒಪ್ಪಿದ್ದಾರೆ. ಕಾರ್ಯಕರ್ತೆಯರು ನೋಟ್‌ಬುಕ್ ತೆಗೆದುಕೊಂಡು ಅಲ್ಲಿಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.